ಕೂಸು ಅಂದ್ರ ಯಾವಾಗಿಂದ ಕೂಸು?

ಸಂತಾನೋತ್ಪತ್ತಿಯ ಪಾಠ ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ, ಕೂಸು ಅಂದ್ರ ಯಾವಾಗಿಂದ ಕೂಸು?" ತರಗತಿಯಲ್ಲಿ ಯಾರೂ ನಗಲಿಲ್ಲ. ಚಿತ್ತಾಪುರ ತಾಲ್ಲೂಕಿನ ನಾಲವಾರದಲ್ಲಿ ಇಷ್ಟು ವರ್ಷ ವಿಜ್ಞಾನ ಹೇಳಿದ ನನಗೆ ಅಂದು ಅರ್ಧ ಉತ್ತರವಷ್ಟೇ ಹೊಳೆಯಿತು. ಉಳಿದರ್ಧವನ್ನು ಅವಳಿಗಾಗಿ, ಅವಳಂತೆ ಮೊದಲ ಸಲ ಇದನ್ನು ಕೇಳಿಕೊಳ್ಳುತ್ತಿರುವ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಕಾಣುವುದನ್ನು ತಿಳಿಯೋಣ. ಅಂಡಾಣು, ವೀರ್ಯಾಣು ಕೂಡಿ ಒಂದು ಕೋಶವಾಗುತ್ತದೆ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಐದಾರು ದಿನದಲ್ಲಿ ಒಂದು ನೂರು, ಇನ್ನೂರು ಕೋಶಗಳ ಪೊಳ್ಳು ಚೆಂಡಾಗುತ್ತದೆ. ಸಾಸಿವೆ ಕಾಳಿನ ಹತ್ತರಲ್ಲೊಂದು ಪಾಲು ಎಂದುಕೊಳ್ಳಿ. ಆ ಚೆಂಡಿನ ಒಳಮಗ್ಗುಲಲ್ಲಿ ಒಂದು ಹಿಡಿ ಕೋಶಗಳು ಗುಂಪಾಗಿ ಕೂತಿರುತ್ತವೆ. ತಾನು ನರವಾಗಬೇಕೋ, ರಕ್ತವಾಗಬೇಕೋ, ಹೃದಯದ ಸ್ನಾಯುವಾಗಬೇಕೋ ಎಂಬುದು ಅವಕ್ಕೆ ಇನ್ನೂ ನಿಶ್ಚಯವಾಗಿಲ್ಲ; ಯಾವುದು ಬೇಕಾದರೂ ಆಗಬಲ್ಲವು. ಇವೇ ಭ್ರೂಣದ ಆಕರಕೋಶಗಳು. ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಓದಿರುತ್ತೀರಿ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಮನುಷ್ಯ ಭ್ರೂಣದಿಂದ ಇವನ್ನು ತೆಗೆದು ಮೊದಲ ಸಲ ಪ್ರಯೋಗಾಲಯದಲ್ಲಿ ಬೆಳೆಸಿತು. ಕೆಟ್ಟುಹೋದ ಅಂಗಾಂಶವನ್ನು ಹೊಸದಾಗಿ ಬೆಳೆಸಬಹುದೆಂಬ ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ ಆ ಕೋಶಗಳನ್ನು ತೆಗೆದರೆ ಚೆಂಡು, ಅಂದರೆ ಭ್ರೂಣ, ಉಳಿಯುವುದಿಲ್ಲ. ಜಗಳ ಶುರುವಾಗುವುದೂ ಅಲ್ಲಿಯೇ.

ಇದು ದೂರದೇಶದ ಮಾತಲ್ಲ. 2001ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಆಗಲೇ ಇರುವ ಕೋಶಸಂತತಿಗಳ (ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಆಕರಕೋಶಗಳ) ಮೇಲಿನ ಸಂಶೋಧನೆಗಷ್ಟೇ ಸರ್ಕಾರದ ಹಣ, ಹೊಸ ಭ್ರೂಣ ಒಡೆಯುವುದಕ್ಕೆ ಇಲ್ಲ ಎಂದರು. ಆಗ ಅಲ್ಲಿ ಒಪ್ಪಿಗೆ ಪಡೆದ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇತ್ತು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಎರಡು ಹೊಸ ಸಂತತಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಆ ಭ್ರೂಣಗಳು ಬಂದದ್ದು ಎಲ್ಲಿಂದ ಗೊತ್ತೆ? ಮಕ್ಕಳಿಲ್ಲದ ದಂಪತಿಗೆ ಐವಿಎಫ್, ಅಂದರೆ ಮೈಯ ಹೊರಗೆ ಅಂಡಾಣು ವೀರ್ಯಾಣು ಕೂಡಿಸುವ ಚಿಕಿತ್ಸೆ, ಮಾಡುವಾಗ ಹಲವು ಭ್ರೂಣಗಳು ಬೆಳೆಯುತ್ತವೆ. ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬದಿಗಿಟ್ಟವು ಇವು. ಬಳಸದಿದ್ದರೆ ಚೆಲ್ಲುವುದೇ.

ಚೆಲ್ಲುವುದನ್ನೇ ಬಳಸಿದರೆ ತಪ್ಪೇನು ಎಂದು ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸುತ್ತದೆ. ಆದರೆ ಎದುರು ಪಕ್ಷದ ಮಾತನ್ನು ಹಗುರವಾಗಿ ತಳ್ಳಬಾರದು. ಅಂಡಾಣು, ವೀರ್ಯಾಣು ಕೂಡಿದ ಕ್ಷಣದಿಂದಲೇ ಅದು ಮನುಷ್ಯಜೀವ, ಇನ್ನೊಬ್ಬರ ಔಷಧಿಗಾಗಿ ಅದನ್ನು ಒಡೆಯಲಾಗದು ಎಂದು ಕ್ಯಾಥೊಲಿಕ್ ಚರ್ಚ್ ಹೇಳುತ್ತದೆ. ಗರ್ಭಕ್ಕೆ 120 ದಿನ ತುಂಬಿದಾಗ ಆತ್ಮ ಸೇರುತ್ತದೆ ಎಂಬುದು ಬಹಳಷ್ಟು ಇಸ್ಲಾಂ ಧರ್ಮಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ವೀರಶೈವ ಮನೆಗಳಲ್ಲಿ ಹೊಟ್ಟೆಯಲ್ಲಿರುವ ಕೂಸಿಗೆ ಎಂಟನೇ ತಿಂಗಳಲ್ಲಿ ಲಿಂಗಧಾರಣೆ ಮಾಡಿಸುವ ಪದ್ಧತಿಯಿದೆ. ಹುಟ್ಟುವ ಮೊದಲೇ ಅದು ನಮ್ಮದು ಎಂದು ಒಪ್ಪಿಕೊಂಡಂತೆ. ಒಂದೇ ಓಣಿಯಲ್ಲಿ ಮೂರು ಲೆಕ್ಕ.

ವಿಜ್ಞಾನಿಗಳು ಬಹುಕಾಲ ಹಿಡಿದು ಬಂದ ಗೆರೆ 14 ದಿನದ್ದು. 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ ಅದನ್ನು ಹಾಕಿತು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಸೂಚಿಸುವ ಮೊದಲ ಗೀಟು ಮೂಡುತ್ತದೆ. ಅದಕ್ಕೆ ಮುಂಚೆ ಅದು ಒಡೆದು ಅವಳಿಯೂ ಆಗಬಹುದು. ಒಬ್ಬರೋ ಇಬ್ಬರೋ ಎಂದೇ ನಿರ್ಧಾರವಾಗದ್ದನ್ನು 'ಒಬ್ಬ ಮನುಷ್ಯ' ಎನ್ನುವುದು ಹೇಗೆ ಎಂಬುದು ಇಲ್ಲಿನ ವಾದ. ಭಾರತದ 2017ರ ಆಕರಕೋಶ ಸಂಶೋಧನಾ ಮಾರ್ಗಸೂಚಿಯೂ ಇದೇ ಗೆರೆಯನ್ನು ಒಪ್ಪಿದೆ. 2021ರ ಸಹಾಯಕ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ಉಳಿದ ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ಅವನ್ನು ನಾಶವಾಗಲು ಬಿಡಬೇಕು, ಇಲ್ಲವೆ ದಂಪತಿಯ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು.

ನಮ್ಮ ಸೀಮೆಯ ತೊಗರಿಯಿಂದಲೇ ಹೇಳುತ್ತೇನೆ. ಕಣಜದಲ್ಲಿರುವ ಕಾಳೂ ಜೀವಂತವೇ. ಆದರೂ ಅದನ್ನು ಒಡೆದು ಬೇಳೆ ಮಾಡುವವರನ್ನು ಬೆಳೆ ಕಡಿದವರು ಎಂದು ಯಾವ ರೈತನೂ ಅನ್ನುವುದಿಲ್ಲ. ಹೊಲದಲ್ಲಿ ಬಿತ್ತಿದ ಕಾಳಿನ ಮಾತು ಬೇರೆ. ಅದಕ್ಕೆ ಮಣ್ಣಿದೆ, ತೇವವಿದೆ. ಮತ್ತು ಆ ಹೊಲಕ್ಕೆ ಒಡತಿಯಿದ್ದಾಳೆ. ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಹೆಣ್ಣು ಹೊಲವಲ್ಲ. ಆದರೂ ಒಂದು ಪ್ರಶ್ನೆಯನ್ನು ಮುಂದಕ್ಕೆ ತರುತ್ತದೆ. 'ಅದು ಜೀವವೇ' ಎಂದು ಕೇಳುವ ಮುಂಚೆ 'ಅದು ಎಲ್ಲಿದೆ' ಎಂದು ಕೇಳಿ. ಶೀತಪೆಟ್ಟಿಗೆಯಲ್ಲಿರುವ ಭ್ರೂಣದ ಚರ್ಚೆಯಲ್ಲಿ ಯಾರ ಮೈಯೂ ಪಣಕ್ಕಿಲ್ಲ. ಗರ್ಭಪಾತದ ಚರ್ಚೆಯಲ್ಲಿ ಒಬ್ಬ ಹೆಣ್ಣಿನ ಇಡೀ ಮೈ, ಒಮ್ಮೊಮ್ಮೆ ಪ್ರಾಣವೂ ಇದೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ನಮ್ಮ ವಾದಗಳು ದಾರಿ ತಪ್ಪುತ್ತವೆ.

ಹೆಣ್ಣನ್ನು ಲೆಕ್ಕದಿಂದ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ಬೆಳಗಾವಿಯ ಸವಿತಾ ಹಾಲಪ್ಪನವರ ಕಥೆ ಸಾಕು. ದಂತವೈದ್ಯೆ, ವಯಸ್ಸು 31, ಗಂಡನೊಂದಿಗೆ ಐರ್ಲೆಂಡಿನ ಗಾಲ್ವೇ ಊರಲ್ಲಿದ್ದರು. 17 ವಾರದ ಬಸುರಿ. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೇ ತಿಳಿದಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇತ್ತು. ಹುಟ್ಟದ ಜೀವಕ್ಕೆ ತಾಯಿಯ ಜೀವದಷ್ಟೇ ಹಕ್ಕೆಂದು 1983ರಲ್ಲಿ ಆ ದೇಶದ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿ ಅಡ್ಡ ಬಂತು. ಕಾದರು. ನಂಜು ರಕ್ತಕ್ಕೇರಿತು. 28ರಂದು ಸವಿತಾ ತೀರಿಕೊಂಡರು. ನಂಜನ್ನು ಸಕಾಲಕ್ಕೆ ಗುರುತಿಸದ ಚಿಕಿತ್ಸೆಯ ಲೋಪಗಳನ್ನೂ ತನಿಖೆಗಳು ಎತ್ತಿ ತೋರಿಸಿದವು, ಅದನ್ನು ಮರೆಮಾಚುವಂತಿಲ್ಲ. ಬರೀ ಕಾನೂನಿನ ತಪ್ಪಲ್ಲ, ಆದರೆ ಕಾನೂನು ವೈದ್ಯರ ಕೈ ಕಟ್ಟಿತ್ತು. 2018ರ ಮೇ 25ರ ಜನಮತದಲ್ಲಿ ಐರ್ಲೆಂಡಿನ ಶೇ 66.4 ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಜನಮತದ ಹೊತ್ತಿಗೆ ಅಲ್ಲಿನ ಗೋಡೆಯ ಮೇಲೆ ನಮ್ಮ ಕಡೆಯ ಹೆಣ್ಣುಮಗಳ ಮುಖವಿತ್ತು.

ನಮ್ಮ ದೇಶ ಆ ದಾರಿ ಹಿಡಿಯಲಿಲ್ಲ. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯುವ ಹೆಂಗಸರನ್ನು ಕಂಡು ಶಾಂತಿಲಾಲ್ ಶಾ ಸಮಿತಿ ವರದಿ ಕೊಟ್ಟಿತು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸುರಿಯಿದ್ದಾಗ ವಿಧವೆಯಾದವರು ಮುಂತಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೆ ಅವಕಾಶ. ಭ್ರೂಣಕ್ಕೆ ಗಂಭೀರ ದೋಷವಿದ್ದರೆ ಅದರಾಚೆಗೂ ವೈದ್ಯಕೀಯ ಮಂಡಳಿ ನಿರ್ಧರಿಸಬಹುದು. 24 ವಾರದ ಆ ಅವಕಾಶದಲ್ಲಿ ಮದುವೆಯಾಗದವರೂ ಸೇರುತ್ತಾರೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಮರುವರ್ಷ ಅದೇ ಕೋರ್ಟ್, ಇಬ್ಬರು ಮಕ್ಕಳ ತಾಯಿಯೊಬ್ಬಳ 26 ವಾರ ದಾಟಿದ ಗರ್ಭ ತೆಗೆಯಲು ಒಪ್ಪಲಿಲ್ಲ. ಅಂದರೆ ಗರ್ಭ ಬೆಳೆದಂತೆ ಅದರ ಹಕ್ಕಿನ ತೂಕವೂ ಬೆಳೆಯುತ್ತದೆ ಎಂಬುದು ನಮ್ಮ ಕಾನೂನಿನ ಒಳಲೆಕ್ಕ. ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರವೂ ಇದಕ್ಕೆ ಹತ್ತಿರವೇ: ಕೂಸಾಗುವುದು ಒಂದು ಕ್ಷಣದ ಸಂಗತಿಯಲ್ಲ, ದಿನದಿಂದ ದಿನಕ್ಕೆ ಆಗುತ್ತ ಹೋಗುವಂಥದ್ದು.

ಇನ್ನೊಂದು ಗೊಂದಲ ಬಿಡಿಸಬೇಕು. ಆಸ್ಪತ್ರೆಯ ಗೋಡೆ ಮೇಲೆ 'ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ' ಎಂಬ ಫಲಕ ಓದಿದ ಎಷ್ಟೋ ಹೆಂಗಸರು ಗರ್ಭಪಾತವೇ ಅಪರಾಧವೆಂದು ತಿಳಿದಿದ್ದಾರೆ. ಅದು 1994ರ ಬೇರೆಯೇ ಕಾಯ್ದೆ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಕೊಲ್ಲುವುದನ್ನು ತಡೆಯಲು ಬಂದದ್ದು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆದದ್ದು ಈ ಪಾಪ. ಅದನ್ನು ಎಷ್ಟು ಕಠಿಣವಾಗಿ ಶಿಕ್ಷಿಸಿದರೂ ನನಗೆ ಒಪ್ಪಿಗೆ. ಆ ಫಲಕಕ್ಕೆ ಹೆದರಿ ಔಷಧಿ ಅಂಗಡಿಯಿಂದ ಗುಳಿಗೆ ತಂದು ಮನೆಯಲ್ಲೇ ನುಂಗಿ, ರಕ್ತ ಹೋಗುತ್ತಿದ್ದರೂ ಬಾಯಿಬಿಡದೆ ಮಲಗುವುದು ಮಾತ್ರ ಬೇಡ. ಚಿತ್ತಾಪುರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಬೇಗ ಹೋಗಿ, ಬಾಯಿಬಿಟ್ಟು ಕೇಳಿ. 18 ತುಂಬಿದ ಹೆಣ್ಣಿಗೆ ಅಲ್ಲಿ ಬೇಕಾದದ್ದು ಅವಳೊಬ್ಬಳ ಒಪ್ಪಿಗೆ. ಗಂಡನ ಸಹಿಯನ್ನು ಕಾಯ್ದೆ ಕೇಳುವುದಿಲ್ಲ.