ದಂಡಿಗೆ ಸಂಬಳ ಎಲ್ಲಿಂದ ಬಂತು?

ಒಟ್ಟೊಮನ್, ಸಫವಿ, ಮೊಗಲ್ ಸಾಮ್ರಾಜ್ಯಗಳ ಪಾಠವನ್ನು ಡಿಗ್ರಿ ತರಗತಿಗಳಿಗೆ ಮಾಡುತ್ತಲೇ ಬಂದವನು ನಾನು. ಹೊಸದಾಗಿ ಈ ಪಾಠ ತೆಗೆದುಕೊಳ್ಳುವ ಮೇಷ್ಟ್ರುಗಳಿಗೂ ಓದಿಕೊಳ್ಳುವ ಹುಡುಗರಿಗೂ ಉಪಯೋಗವಾದೀತೆಂದು ಈ ಕೆಲವು ಮಾತು.

1. ರಣರಂಗ ಬಿಡಿ, ಕಂದಾಯದಿಂದ ಶುರು ಮಾಡಿ

ಪಾಣಿಪತ್, 1526: ಇದು ಎಲ್ಲರಿಗೂ ಬಾಯಿಪಾಠ. ಅಲ್ಲಿ ಗೆದ್ದ ಬಾಬರನ ಮಗ ಹುಮಾಯೂನ್ 1540ರಲ್ಲಿ ಸೋತು ಓಡಬೇಕಾಯಿತು ಎಂದರೆ ಮಾತ್ರ ಹುಡುಗರು ತಲೆ ಎತ್ತುತ್ತಾರೆ. ಅವನನ್ನು ಓಡಿಸಿದ ಶೇರ್ ಶಾಹ ಹೊಲ ಅಳೆಸಿ ಕಂದಾಯ ಗೊತ್ತುಮಾಡಿದವನು. ಅಕ್ಬರ ಹಿಡಿದದ್ದೂ ಅದೇ ದಾರಿ. 1580ರ ಹೊತ್ತಿಗೆ ತೋಡರಮಲ್ಲನ ಕೈಯಲ್ಲಿ ಹತ್ತು ವರ್ಷದ ಬೆಳೆ, ಬೆಲೆಗಳ ಸರಾಸರಿ ತೆಗೆಸಿ, ರೊಕ್ಕದ ಲೆಕ್ಕದಲ್ಲಿ ಕಂದಾಯ ನಿಗದಿ ಮಾಡಿದ. ಮನ್ಸಬ್‌ದಾರರಲ್ಲಿ, ಅಂದರೆ ಬಾದಶಹನಿಂದ ದರ್ಜೆ ಪಡೆದ ಅಧಿಕಾರಿಗಳಲ್ಲಿ, ಹೆಚ್ಚಿನವರಿಗೆ ಸಂಬಳದ ಬದಲು ಜಾಗೀರು. ಅದು ಜಮೀನಲ್ಲ, ಜಮೀನಿನ ಕಂದಾಯ ಎತ್ತುವ ಹಕ್ಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆ ಕಡೆಗೆ ವರ್ಗ. ಯಾರೂ ಒಂದೂರಿನಲ್ಲಿ ಬೇರು ಬಿಡಬಾರದು. ಒಟ್ಟೊಮನ್ನರ ತಿಮಾರ್ ಪದ್ಧತಿಯ ಹೂರಣವೂ ಹೆಚ್ಚುಕಡಿಮೆ ಇದೇ: ಹಳ್ಳಿಯ ಕಂದಾಯ ತಿಂದ ಸಿಪಾಹಿ ಯುದ್ಧ ಬಂದಾಗ ಕುದುರೆ ಏರಿ ಬರಬೇಕು, ಕಂದಾಯ ದೊಡ್ಡದಿದ್ದರೆ ಜೊತೆಗೆ ಆಳುಗಳನ್ನೂ ಕರೆತರಬೇಕು. ಇದು ತಲೆಗೆ ಹತ್ತಿದರೆ ಉಳಿದ ಪಾಠ ಅರ್ಧ ಮುಗಿದಂತೆ.

2. ಫಿರಂಗಿಗೆ ಅದರ ಪಾಲು ಕೊಡಿ, ಹೆಚ್ಚು ಬೇಡ

ಈ ಮೂರನ್ನೂ 'ಮದ್ದುಗುಂಡಿನ ಸಾಮ್ರಾಜ್ಯ' ಎನ್ನುವುದು ರೂಢಿ. 1514ರಲ್ಲಿ ಚಾಲ್ಡಿರಾನಿನಲ್ಲಿ ಸಫವಿ ಕುದುರೆ ದಂಡು ಒಟ್ಟೊಮನ್ ಫಿರಂಗಿಗಳ ಮುಂದೆ ನೆಲಕಚ್ಚಿದ್ದು ನಿಜ. ಆದರೆ ವಿಜಯಪುರದ (ಬಿಜಾಪುರದ) ಮಲಿಕ್-ಎ-ಮೈದಾನ್ ಫಿರಂಗಿ ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ತುರ್ಕಿ ಮೂಲದ ಮುಹಮ್ಮದ್ ಬಿನ್ ಹಸನ್ ರೂಮಿ. ಅಂಥ ಫಿರಂಗಿ ಕೋಟೆಯ ಮೇಲಿದ್ದೂ 1686ರಲ್ಲಿ ವಿಜಯಪುರ ಔರಂಗಜೇಬನಿಗೆ ಶರಣಾಯಿತು. ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿ ಕೂರುವಷ್ಟು ಹಣ, ದವಸ, ದಂಡು ಅವನ ಬೆನ್ನಿಗಿತ್ತು. ಗೆದ್ದ ಮೇಲೆ ಆ ಗೆಲುವನ್ನು ಅದೇ ಫಿರಂಗಿಯ ಮೇಲೆ ಕೊರೆಸಿದ.

3. ಅರಸನಿಗೆ ಹೊರಗಿನವರೇ ಹೆಚ್ಚು ನಂಬಿಕಸ್ತರು

ಒಟ್ಟೊಮನ್ನರು ಬಾಲ್ಕನ್ ಹಳ್ಳಿಗಳಿಂದ ಕ್ರೈಸ್ತ ಹುಡುಗರನ್ನು ಎತ್ತಿಕೊಂಡು ಹೋಗಿ, ಮುಸ್ಲಿಮರನ್ನಾಗಿಸಿ, ಜಾನಿಸರಿ ಸೈನಿಕರನ್ನೂ ವಜೀರರನ್ನೂ ಮಾಡಿದರು. ಪಟ್ಟಕ್ಕೆ ಕೂರಿಸಿದ ಕಿಜಿಲ್‌ಬಾಶ್ ಪಂಗಡಗಳೇ ಸಫವಿ ಶಾಹರ ತಲೆಯ ಮೇಲೆ ಕೂತಾಗ, ಶಾ ಅಬ್ಬಾಸ್ ಜಾರ್ಜಿಯನ್, ಆರ್ಮೇನಿಯನ್ ಗುಲಾಮರ ದಂಡು ಬೆಳೆಸಿದ. 'ಎಳೆದೊಯ್ದವರಿಗೇ ನಿಷ್ಠೆ ಹೇಗೆ ಸಾರ್?' ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಗ ಸೊಕೊಲ್ಲು ಮೆಹ್ಮದ್ ಪಾಶಾನ ಕಥೆ ಹೇಳುತ್ತೇನೆ. ಬೋಸ್ನಿಯಾದ ಸೆರ್ಬ್ ಮನೆಯಿಂದ ಹೀಗೆ ಒಯ್ದ ಹುಡುಗ 1565ರಲ್ಲಿ ಸಾಮ್ರಾಜ್ಯದ ಮಹಾವಜೀರನಾದ. ಅದಕ್ಕೂ ಮುಂಚೆ, 1557ರಲ್ಲಿ, ನಿಂತುಹೋಗಿದ್ದ ಸೆರ್ಬಿಯನ್ ಧರ್ಮಪೀಠ ಮತ್ತೆ ಶುರುವಾದಾಗ ಅದರ ಮೇಲೆ ಕೂತವನು ಅವನದೇ ಹತ್ತಿರದ ಬಂಧು ಮಕಾರಿಯೆ. ದೌರ್ಜನ್ಯವನ್ನು ಮುಚ್ಚಿಡಬೇಡಿ, ಅದರೊಳಗೇ ತೆರೆದುಕೊಂಡ ಏಣಿಯನ್ನೂ ಮುಚ್ಚಿಡಬೇಡಿ.

4. ಇರಾನ್ ನಮಗೆ ದೂರವಲ್ಲ

1501ರಲ್ಲಿ ಶಾ ಇಸ್ಮಾಯಿಲ್ ತಬ್ರೀಜಿನಲ್ಲಿ ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ. ಪ್ರಜೆಗಳು ಬಹುಪಾಲು ಸುನ್ನಿಗಳು. ಹೇಳಿಕೊಡುವವರು ಸಾಲದೆ ಲೆಬನಾನಿನ ಜಬಲ್ ಆಮಿಲ್‌ನಿಂದ ವಿದ್ವಾಂಸರನ್ನು ಕರೆಸಬೇಕಾಯಿತು. ಇಸ್ಮಾಯಿಲ್ ಹಾಗೆ ಸಾರಿದ ಮರುವರ್ಷವೇ ನಮ್ಮ ಬಿಜಾಪುರದ ಯೂಸುಫ್ ಆದಿಲ್ ಖಾನ್ ತನ್ನ ಮಸೀದಿಯಲ್ಲಿ ಶಿಯಾ ಖುತ್ಬಾ (ಶುಕ್ರವಾರದ ಪ್ರವಚನ) ಓದಿಸಿದ. ಅವನ ಮೊಮ್ಮಗ ಇಬ್ರಾಹಿಂ ಮತ್ತೆ ಸುನ್ನಿ ಕಡೆ ತಿರುಗಿಸಿದ.

5. ಜೆಜಿಯಾ ತೆಗೆದ ವರ್ಷ, ಹಾಕಿದ ವರ್ಷ ಎರಡರ ಆಜುಬಾಜೂ ನೋಡಿ

ಈ ಪಾಠದಲ್ಲಿ ತರಗತಿ ಕಾವೇರುತ್ತದೆ, ಮೇಷ್ಟ್ರು ತಣ್ಣಗಿರಬೇಕು. ಮುಸ್ಲಿಮೇತರರ ಮೇಲಿನ ತಲೆಗಂದಾಯವಾದ ಜೆಜಿಯಾವನ್ನು ಅಕ್ಬರ ತೆಗೆದದ್ದು 1564ರಲ್ಲಿ. 1562ರಲ್ಲಷ್ಟೇ ಅಂಬೇರಿನ ರಜಪೂತರ ಜೊತೆ ನೆಂಟಸ್ತನ ಬೆಳೆದಿತ್ತು. ಸ್ವಂತ ಅಮೀರರ ಬಂಡಾಯ ಕಾಡುತ್ತಿದ್ದಾಗ ರಜಪೂತರು ಅವನಿಗೆ ಬೇಕಿತ್ತು. ಅವನಿಗೆ ಧರ್ಮಜಿಜ್ಞಾಸೆ ಇರಲಿಲ್ಲವೆಂದಲ್ಲ. 1575ರಲ್ಲಿ ಫತೇಪುರ್ ಸಿಕ್ರಿಯಲ್ಲಿ ಇಬಾದತ್‌ಖಾನಾ ಕಟ್ಟಿಸಿ ಚರ್ಚೆ ನಡೆಸಿದ್ದು ಬರೀ ತೋರಿಕೆಗಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ರಾಜಕಾರಣದ ಅಗತ್ಯ ಜಿಜ್ಞಾಸೆಗಿಂತ ಮೊದಲು ಬಂತು.

ಔರಂಗಜೇಬ 1679ರಲ್ಲಿ ಜೆಜಿಯಾ ಮತ್ತೆ ಹಾಕಿದ. ಇಲ್ಲಿಗೆ ನಿಲ್ಲಿಸುವವರಿದ್ದಾರೆ, ಇದನ್ನು ಹೇಳದೆ ದಾಟುವವರೂ ಇದ್ದಾರೆ. ಎರಡೂ ತಪ್ಪು. 1679ರ ನಂತರದ ಮೇಲ್ದರ್ಜೆಯ ಮನ್ಸಬ್‌ದಾರರಲ್ಲಿ ಹಿಂದೂಗಳ ಪಾಲು ಸುಮಾರು ಐದನೇ ಒಂದರಿಂದ ಮೂರನೇ ಒಂದರ ಹತ್ತಿರಕ್ಕೆ ಏರಿತು ಎಂದು ಇತಿಹಾಸಕಾರ ಎಂ. ಅಥರ್ ಅಲಿ ಲೆಕ್ಕ ತೆಗೆದಿದ್ದಾರೆ. ಬಹುಮಟ್ಟಿಗೆ ಅದು ಮರಾಠಾ ಸರದಾರರನ್ನು ಒಲಿಸಿಕೊಳ್ಳಲು ಕೊಟ್ಟ ಪದವಿ. ಈ ಎರಡು ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ, ಹುಡುಗರೇ ವಾದಿಸಲಿ.

6. ಹಿಗ್ಗಿದ್ದೆಲ್ಲ ಗೆಲುವಲ್ಲ

1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಸೇರಿ ಮೊಗಲ್ ನಕ್ಷೆ ಅಗಲವಾಯಿತು. ಪರೀಕ್ಷೆಯಲ್ಲಿ ಇದನ್ನೇ ಸಾಮ್ರಾಜ್ಯದ ಶಿಖರ ಎಂದು ಬರೆಯುತ್ತಾರೆ, ಅಂಕವೂ ಬೀಳುತ್ತದೆ. ಆದರೆ ಹೊಸ ಮನ್ಸಬ್‌ದಾರರು ಜಾಗೀರಿಗಾಗಿ ಕಾಯುತ್ತಲೇ ಇದ್ದರು. ಸಿಕ್ಕ ಜಾಗೀರಿನಲ್ಲಿ ಕಾಗದದ ಮೇಲಿದ್ದಷ್ಟು ಕಂದಾಯ ಹುಟ್ಟುತ್ತಿರಲಿಲ್ಲ. ಔರಂಗಜೇಬ ದಿಲ್ಲಿಗೆ ಹಿಂದಿರುಗಲೇ ಇಲ್ಲ, 1707ರಲ್ಲಿ ದಖ್ಖನ್ನಿನಲ್ಲೇ ತೀರಿಕೊಂಡ.