ವಸಂತ ಕಾಲದ ಊಟ: ಬೆಳೆಗಾರರ ಮನೆಗೆ ಕೆಲವು ಸಲಹೆಗಳು



ಕಾಫಿ ಕೊಯ್ಲು ಮುಗಿದು, ಕಾಳುಮೆಣಸು ಕಣದಲ್ಲಿ ಒಣಗುತ್ತಿರುವಾಗಲೇ ರೊಬಸ್ಟಾ ಗಿಡಗಳಿಗೆ ಹೂವಿನ ನೀರು, ಅಡಿಕೆ ತೋಟಕ್ಕೆ ಬೇಸಿಗೆಯ ನೀರು ಕೊಡುವ ಕೆಲಸ ಬಂದು ಕೂರುತ್ತದೆ. ಕರೆಂಟು ಬಂದ ಹೊತ್ತಿಗೆ ಪಂಪು ಚಾಲೂ ಮಾಡಬೇಕು. ಸ್ಪ್ರಿಂಕ್ಲರ್ ಪೈಪುಗಳನ್ನು ಬಿಸಿಲಲ್ಲೇ ಜಾಗ ಬದಲಿಸಬೇಕು. ಗಿಡಕ್ಕೆ ಯಾವಾಗ ನೀರು, ಎಷ್ಟು ದಿನ ಬಿಟ್ಟು ಮತ್ತೊಮ್ಮೆ ಎಂದು ಲೆಕ್ಕವಿಡುವ ನಾವು, ನಮ್ಮ ಊಟದ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಾಲ್ಗುಣದಿಂದ ವೈಶಾಖದವರೆಗೆ ಮನೆಮನೆಯಲ್ಲೂ ಕೇಳುವ ಮಾತು ಒಂದೇ: ಹಸಿವಿಲ್ಲ, ಮೈ ಭಾರ, ದರೆ ಹತ್ತಿದರೆ ಏದುಸಿರು. ಎಲ್ಲವನ್ನೂ ಬಿಸಿಲಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಆದರೆ ಕಾರಣದ ಒಂದು ಪಾಲು ಅಡುಗೆಮನೆಯಲ್ಲಿಯೂ ಇರುತ್ತದೆ. ಖರ್ಚಿಲ್ಲದೆ ಸರಿಪಡಿಸಬಹುದಾದ ಮೂರು ವಿಷಯಗಳನ್ನು ಇಲ್ಲಿ ಹೇಳಿದೆ: ಊಟ ಹಗುರಾಗಬೇಕು, ಸೊಪ್ಪು ಮರಳಿ ಎಲೆಗೆ ಬರಬೇಕು, ಕಾಫಿ-ಚಹಾದ ಹೊತ್ತು ಬದಲಾಗಬೇಕು.

1. ಊಟ ಹಗುರಾಗಲಿ

ಚರಕ ಸಂಹಿತೆ, ಅಷ್ಟಾಂಗ ಹೃದಯಗಳಲ್ಲಿ ಋತುಚರ್ಯೆಯ ವಿವರವಿದೆ. ಚಳಿಗಾಲದಲ್ಲಿ ಕೂಡಿದ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದ ಮಾಡುತ್ತದೆ. ಆದುದರಿಂದ ಜಿಡ್ಡು, ಅತಿ ಸಿಹಿ, ಅತಿ ಹುಳಿ, ಜೀರ್ಣಕ್ಕೆ ಭಾರವಾದ ಪದಾರ್ಥ ಮತ್ತು ಹಗಲು ನಿದ್ದೆ ಬೇಡ ಎಂಬುದು ಅವುಗಳ ಅಭಿಪ್ರಾಯ. ವಸಂತದಲ್ಲಿ ಮೊಸರು ಒಳ್ಳೆಯದಲ್ಲವೆಂದೂ ಚರಕ ಹೇಳುತ್ತದೆ. ಇಂದಿನ ಆಹಾರಶಾಸ್ತ್ರ ಕಫದ ಭಾಷೆಯಲ್ಲಿ ಮಾತನಾಡುವುದಿಲ್ಲವಾದರೂ ಎಣ್ಣೆ, ಸಕ್ಕರೆ, ಉಪ್ಪು ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸಿರೆಂದು ಅದೂ ಹೇಳುತ್ತದೆ.

ನಮ್ಮಲ್ಲಿ ಆಗುವುದು ಇದಕ್ಕೆ ತಿರುಗಾಮುರುಗ. ಮದುವೆ, ಉಪನಯನ, ಜಾತ್ರೆಗಳೆಲ್ಲ ಈ ದಿನಗಳಲ್ಲೇ. ವಾರಕ್ಕೆ ಎರಡು ಸಮಾರಂಭದ ಊಟ, ಮನೆಯಲ್ಲಿ ಕರಿದ ಹಪ್ಪಳ, ಮಿಡಿ ಉಪ್ಪಿನಕಾಯಿ. ಸಮಾರಂಭಕ್ಕೆ ಹೋಗಬೇಡಿ ಎಂದು ಯಾರೂ ಹೇಳಲಾರರು. ಮಧ್ಯಾಹ್ನ ಹೋಳಿಗೆ ಊಟವಾದರೆ ರಾತ್ರಿ ಗಂಜಿ, ಹೆಸರುಬೇಳೆ ತೊವ್ವೆ ಇಷ್ಟೇ ಸಾಕು. ಗಟ್ಟಿ ಮೊಸರಿನ ಬದಲು ಶುಂಠಿ, ಜೀರಿಗೆ ಹಾಕಿದ ನೀರು ಮಜ್ಜಿಗೆಯಾಗಲಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು, ಮೀರಬಾರದು. ಉಪ್ಪಿನಕಾಯಿ, ಹಪ್ಪಳದಲ್ಲಿರುವ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ರಕ್ತದೊತ್ತಡ ಇರುವವರು ಮುಖ್ಯವಾಗಿ ಗಮನಿಸಬೇಕು.

ಯುಗಾದಿಯ ಬೇವು-ಬೆಲ್ಲ, ರಾಮನವಮಿಯ ಕೋಸಂಬರಿ, ಪಾನಕ ಇವೆಲ್ಲ ಈ ಋತುವಿಗೆ ಒಪ್ಪುವಂಥವು. ಕೋಸಂಬರಿಯನ್ನು ಹಬ್ಬಕ್ಕೇ ಕಾಯದೆ ವಾರಕ್ಕೆ ಮೂರು ದಿನ ಮಾಡಬಹುದು. ಪಾನಕದ ವಿಷಯದಲ್ಲಿ ಒಂದು ಎಚ್ಚರಿಕೆ: ಬೆಲ್ಲವೂ ಸಕ್ಕರೆಯ ಜಾತಿಯೇ. ಮಧುಮೇಹಿಗಳಿಗೆ ಬೆಲ್ಲದ ಪಾನಕಕ್ಕಿಂತ ಮಜ್ಜಿಗೆ ಲೇಸು.

2. ಸೊಪ್ಪು ಮರಳಿ ಬರಲಿ

ಮಳೆಗಾಲದಲ್ಲಿ ಕೆಸು, ಚಗತೆ ಎಂದು ಬೇಕಾದಷ್ಟು ಸೊಪ್ಪು ತಿನ್ನುವ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಹಿತ್ತಿಲು ಒಣಗಿ, ಸಾರು-ಉಪ್ಪಿನಕಾಯಿಯಲ್ಲೇ ಊಟ ಮುಗಿಯುತ್ತದೆ. ಆದರೆ ನೀರು ಹಾಯಿಸುವ ಅಡಿಕೆ ತೋಟ ಒಣಗಿರುವುದಿಲ್ಲವಲ್ಲ! ಕಪ್ಪಿನ ಅಂಚಿನಲ್ಲಿ ಒಂದೆಲಗ ಹಸಿರಾಗಿಯೇ ಇರುತ್ತದೆ. ಬಚ್ಚಲ ನೀರು ಹೋಗುವ ದಾರಿಯಲ್ಲಿ ಬಸಳೆ ಚಪ್ಪರ ಹಾಕಿದರೆ ಬೇಸಿಗೆಯಿಡೀ ಸೊಪ್ಪು ಸಿಗುತ್ತದೆ. ನುಗ್ಗೆ ಮರವೊಂದಿದ್ದರೆ ಕಾಯಿಯೂ ಉಂಟು, ಸೊಪ್ಪೂ ಉಂಟು. ಹರಿವೆ ಬಿತ್ತಿದ ಒಂದು ತಿಂಗಳೊಳಗೆ ಕೀಳಲು ಬರುತ್ತದೆ. ಎಳೆ ಹಲಸು, ಬಾಳೆದಿಂಡು, ಬಾಳೆ ಹೂವಿಗೆ ಪೇಟೆಗೆ ಹೋಗಬೇಕಾಗಿಲ್ಲ.

ತೋಟದಲ್ಲಿ ಕಳೆನಾಶಕ ಹೊಡೆದ ಜಾಗದಿಂದ ಮಾತ್ರ ಒಂದೆಲಗವನ್ನಾಗಲಿ ಬೇರೆ ಸೊಪ್ಪನ್ನಾಗಲಿ ಕೀಳತಕ್ಕದ್ದಲ್ಲ. ಮನೆ ಬಳಕೆಗೆಂದು ಒಂದು ಕಪ್ಪನ್ನು ಔಷಧ ಮುಟ್ಟಿಸದೆ ಬಿಟ್ಟುಕೊಳ್ಳುವುದು ಒಳ್ಳೆಯದು.

ಸೊಪ್ಪಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕಾದರೆ ಹೆಂಗಸಿಗೆ 29 ಮಿಲಿಗ್ರಾಂ ಬೇಕೆಂದು 2020ರಲ್ಲಿ ತಜ್ಞರು ನಿಗದಿ ಮಾಡಿದ್ದಾರೆ. ಹೆಚ್ಚು ಬೇಕಾದವರೇ ಕೊನೆಗೆ ಉಣ್ಣುವವರು. ಎಲ್ಲರಿಗೂ ಬಡಿಸಿ ಮುಗಿಯುವಾಗ ಪಾತ್ರೆಯಲ್ಲಿ ಪಲ್ಯ ಉಳಿದಿರುವುದಿಲ್ಲ. ಮನೆಯಲ್ಲೂ ತೋಟದಲ್ಲೂ ಎರಡು ಪಾಳಿ ದುಡಿಯುವ ಹೆಂಗಸರ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡುವುದು, ಇಲ್ಲವೇ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಮನೆಯ ಕ್ರಮವಾಗಬೇಕು.

ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಹೆಚ್ಚು ಹತ್ತುತ್ತದೆ. ಆದುದರಿಂದ ಪಲ್ಯಕ್ಕೂ ಹೆಸರುಕಾಳಿನ ಉಸಲಿಗೂ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಬೇಕು. ಕುದಿಸಿದರೆ ಆ ಸತ್ವ ಬಹುಮಟ್ಟಿಗೆ ನಷ್ಟ. ಕಾಲುಬುಡದಲ್ಲಿ ಬಿದ್ದು ಹಾಳಾಗುವ ಗೇರುಹಣ್ಣಿನಲ್ಲಿಯೂ ಈ ಸತ್ವ ಧಾರಾಳವಾಗಿದೆ.

3. ಕಾಫಿಯ ಹೊತ್ತು ಬದಲಾಗಲಿ

ಕಾಫಿ ಬೆಳೆಯುವವರ ಪತ್ರಿಕೆಯಲ್ಲಿ ಕಾಫಿ ಬಿಡಿ ಎಂದು ಬರೆಯುವ ಪ್ರಮೇಯವಿಲ್ಲ, ಅಗತ್ಯವೂ ಇಲ್ಲ. ಹೇಳಬೇಕಾದುದು ಹೊತ್ತಿನ ವಿಚಾರ.

ಕಾಫಿ ಮತ್ತು ಚಹಾದಲ್ಲಿರುವ ಒಗರಿನ ಅಂಶಗಳು ಆಹಾರದ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಊಟದೊಡನೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇಕಡ 39ರಷ್ಟು, ಚಹಾ ಕುಡಿದಾಗ ಶೇಕಡ 64ರಷ್ಟು ಕಡಿಮೆಯಾಯಿತು. ಇನ್ನೂ ಗಮನಿಸತಕ್ಕ ವಿಷಯವೆಂದರೆ, ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ನಷ್ಟವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಊಟದ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಕಾಫಿ-ಚಹಾ ಬೇಡವೆಂದಿದೆ. ಊಟದ ನಂತರ ಎರಡು ಗಂಟೆ ಬಿಡುವುದು ಇನ್ನೂ ಕ್ಷೇಮ.

ಹಾಗಾದರೆ ಬೆಳಗ್ಗೆ ಎದ್ದೊಡನೆ ಕುಡಿಯುವ ಕಾಫಿಗೆ ಅಡ್ಡಿಯಿಲ್ಲ. ದೋಸೆ, ರೊಟ್ಟಿಯ ಜೊತೆಗಿನ ಎರಡನೆಯ ಲೋಟವೇ ತೊಂದರೆಯದು. ಅದನ್ನು ಹತ್ತೂವರೆ ಗಂಟೆಗೆ ಮುಂದೂಡಿದರಾಯಿತು. ಅದೇ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆನ್ನುತ್ತದೆ. 150 ಮಿಲಿಲೀಟರಿನ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಅಂದರೆ ಮೂರು ಲೋಟಕ್ಕೆ ನಿಲ್ಲಿಸಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು ಇರುವುದರಿಂದ ಮನೆಯ ರೊಬಸ್ಟಾ ಪುಡಿಯನ್ನೇ ಬಳಸುವವರಿಗೆ ಎರಡು ಲೋಟವೇ ಸಾಕು.

ಹಸಿವಾದಾಗ ಚಹಾ ಕುಡಿದು, ಕವಳ ಹಾಕಿ ಊಟವನ್ನು ಮೂರು ಗಂಟೆಗೆ ತಳ್ಳುವ ಅಭ್ಯಾಸ ಖಂಡಿತ ಕೂಡದು. ಹೊಗೆಸೊಪ್ಪು ಸೇರಿದ ಕವಳವಂತೂ ಬಾಯಿಯ ಕ್ಯಾನ್ಸರಿಗೆ ದಾರಿ.

4. ನೀರಿನ ಎಚ್ಚರ

ಬಿಸಿಲಲ್ಲಿ ದುಡಿಯುವವರು ಬಾಯಾರುವ ತನಕ ಕಾಯಬಾರದು. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ಅರ್ಥ. ಈ ದಿನಗಳಲ್ಲಿ ಬಾವಿ, ಹಳ್ಳಗಳ ನೀರು ತಳ ಸೇರಿ ವಾಂತಿಭೇದಿ, ಕಾಮಾಲೆ ಹರಡುವ ಸಂಭವವಿರುವುದರಿಂದ ಕುದಿಸಿ ಆರಿಸಿದ ನೀರನ್ನೇ ತೋಟಕ್ಕೂ ಒಯ್ಯಬೇಕು. ಕೆಲಸದವರಿಗೂ ಅದೇ ನೀರು ಕೊಡುವುದು ಯಜಮಾನರ ಕರ್ತವ್ಯ.

ಒಂದು ದಿನದ ಕ್ರಮ

ಬೆಳಗ್ಗೆ 6: ಒಂದು ಲೋಟ ಕಾಫಿ.
7.30: ರಾಗಿ ರೊಟ್ಟಿ ಅಥವಾ ಹೆಸರುಕಾಳಿನ ದೋಸೆ, ಚಟ್ನಿ, ಒಂದು ಹಣ್ಣು.
10.30: ಕಾಫಿ ಅಥವಾ ಚಹಾ.
ಮಧ್ಯಾಹ್ನ 12.30: ಅನ್ನ, ಸೊಪ್ಪಿನ ಪಲ್ಯ ನಿಂಬೆರಸದೊಡನೆ, ಬೇಳೆ ಸಾರು, ಒಂದೆಲಗದ ತಂಬುಳಿ.
3.30: ಚಹಾ, ಇಲ್ಲವೇ ಮಜ್ಜಿಗೆ.
ರಾತ್ರಿ 7.30: ಗಂಜಿ ಅಥವಾ ಅನ್ನ, ತೊವ್ವೆ, ಬಾಳೆದಿಂಡಿನ ಪಲ್ಯ.

ಊಟ ಸರಿಪಡಿಸಿದರೆ ಎಲ್ಲ ರೋಗ ಹೋಗುತ್ತದೆಂದು ತಿಳಿಯಬಾರದು. ಏದುಸಿರು, ಎದೆಬಡಿತ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಸುರಿಯರಿಗೆ ಲೆಕ್ಕ ಬೇರೆ, ವೈದ್ಯರನ್ನೇ ಕೇಳಬೇಕು. ಅಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದೊಡನೆ ನುಂಗಬಾರದು. ನೀರು ಅಥವಾ ಸಕ್ಕರೆ ಹಾಕದ ನಿಂಬೆ ಪಾನಕ ಒಳ್ಳೆಯದು.

ಹೂವಿನ ನೀರು ಎಷ್ಟೇ ಕೊಟ್ಟರೂ ಹೊತ್ತು ತಪ್ಪಿದರೆ ಫಸಲು ನಿಲ್ಲುವುದಿಲ್ಲ ಎಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾದ ಮಾತಲ್ಲ. ಊಟಕ್ಕೂ ಅದೇ ನಿಯಮ. ಈ ಯುಗಾದಿಯಿಂದ ಎರಡನೆಯ ಲೋಟ ಕಾಫಿಯನ್ನು ತಿಂಡಿಯಿಂದ ಬೇರ್ಪಡಿಸಿ, ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಅಷ್ಟರಿಂದಲೇ ಆರಂಭವಾಗಲಿ.