ಡಿವಿಡಿ ರೈಟರ್ ಬದಲಿಸುವ ಮೊದಲು

"ಸರ್, ನಮ್ಮ ಮನೆಯ ಡಿವಿಡಿ ರೈಟರ್ ಹಾಳಾಗಿದೆ, ಹೊಸದು ಯಾವುದು ತೆಗೆದುಕೊಳ್ಳಲಿ?" ಎಂದು ಈ ವರ್ಷ ನಾಲ್ಕೈದು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ಪರೀಕ್ಷಿಸಿ ನೋಡಿದಾಗ ಒಂದು ರೈಟರೂ ಹಾಳಾಗಿರಲಿಲ್ಲ. ಬರೆಯುವುದು ನಿಧಾನವಾಗಿತ್ತು, ಅಷ್ಟೆ.

ನಮ್ಮ ಕಡೆ ಇದು ಸಣ್ಣ ತೊಂದರೆಯಲ್ಲ. ತಂಗಿಯ ನಿಕಾಹ್‌ಗೆ ದುಬೈಯಿಂದ ಬಂದ ಅಣ್ಣ ಹಿಂದಿರುಗುವ ಮುನ್ನಾ ರಾತ್ರಿ ವಿಡಿಯೋ ಸಿದ್ಧವಾಗಬೇಕು. ಒಂದು ಡಿಸ್ಕ್‌ಗೆ 40 ನಿಮಿಷವಾದರೆ ಆರು ಪ್ರತಿಗೆ ನಾಲ್ಕು ಗಂಟೆ. ನಡುವೆ ಕರೆಂಟು ಹೋದರೆ ಆ ಡಿಸ್ಕ್ ಎಸೆಯುವುದೇ ದಾರಿ.

ಮೊದಲು ಲೆಕ್ಕ ಹಾಕಿ. ಡಿವಿಡಿಯಲ್ಲಿ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ (ಸಿಡಿಯ 1ಎಕ್ಸ್ ಬರೇ 150 ಕೆಬಿ, ಎರಡನ್ನೂ ಬೆರೆಸಬೇಡಿ). 8ಎಕ್ಸ್ ಎಂದರೆ ಸೆಕೆಂಡಿಗೆ 11 ಎಂಬಿ. 4.7 ಜಿಬಿಯ ಡಿಸ್ಕ್ ತುಂಬಲು ಏಳು ನಿಮಿಷ, ಆರಂಭ ಮತ್ತು ಮುಕ್ತಾಯದ ಕೆಲಸ ಸೇರಿ ಎಂಟೊಂಬತ್ತು. ಕಾಪುವಿನ ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ 40 ನಿಮಿಷ ಹಿಡಿಯುತ್ತಿತ್ತು, ಅಂದರೆ ಸೆಕೆಂಡಿಗೆ 2 ಎಂಬಿ ಕೂಡ ಇಲ್ಲ. ಬರೆಯುವಾಗ ಮೌಸ್ ಕೂಡ ತಡವರಿಸುತ್ತದೆ ಎಂದು ಅವನು ಹೇಳಿದ. ಆ ಮಾತೇ ನನಗೆ ಸುಳಿವು ಕೊಟ್ಟಿತು.

ಹಾರ್ಡ್ ಡಿಸ್ಕ್‌ನಿಂದ ರೈಟರ್‌ಗೆ ಮಾಹಿತಿ ಸಾಗಿಸಲು ಎರಡು ವಿಧಾನಗಳಿವೆ. ಡಿಎಂಎ ಎಂದರೆ ಬಾವಿಗೆ ಪಂಪು ಇಟ್ಟಂತೆ: ಪ್ರೊಸೆಸರ್ ಸ್ವಿಚ್ ಹಾಕಿ ತನ್ನ ಕೆಲಸಕ್ಕೆ ಹೋಗುತ್ತದೆ. ಪಿಐಒ ಎಂದರೆ ಪ್ರೊಸೆಸರೇ ಕೊಡಪಾನ ಹೊತ್ತು ನೀರು ತುಂಬಿದಂತೆ. ಅದು ಅಲ್ಲೇ ದಣಿಯುವುದರಿಂದ ಮೌಸ್ ನೋಡಿಕೊಳ್ಳಲು ಪುರುಸೊತ್ತಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಗೀರು ಬಿದ್ದ ಡಿಸ್ಕ್‌ನಿಂದಲೋ ಸಡಿಲ ಕೇಬಲ್‌ನಿಂದಲೋ ಆರು ಸಲ ದೋಷ ಕಂಡರೆ ವ್ಯವಸ್ಥೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಹೀಗೆ ಇಳಿಯುತ್ತಾ ಕೊನೆಗೆ ಪಿಐಒಗೆ ಬಂದು ನಿಲ್ಲುತ್ತದೆ. ನಮಗೆ ಒಂದು ಮಾತೂ ಹೇಳುವುದಿಲ್ಲ! ಕಂಪ್ಯೂಟರ್ ಆರಿಸಿ ಹಚ್ಚಿದರೂ ತಾನಾಗಿ ಮೇಲೇರುವುದಿಲ್ಲ.

ನೋಡುವ ಕ್ರಮ ಹೀಗೆ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್ ತೆರೆಯಿರಿ. ಐಡಿಇ ಕಂಟ್ರೋಲರ್‌ಗಳ ಕೆಳಗೆ ಸೆಕೆಂಡರಿ ಐಡಿಇ ಚಾನಲ್ ಇದೆ, ರೈಟರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದರ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಕರೆಂಟ್ ಟ್ರಾನ್ಸ್‌ಫರ್ ಮೋಡ್ ಎದುರು 'ಪಿಐಒ' ಎಂದಿದ್ದರೆ ಕಳ್ಳ ಸಿಕ್ಕಿದ. ಮೇಲಿನ ಆಯ್ಕೆ 'ಪಿಐಒ ಓನ್ಲಿ' ಎಂದಿದ್ದರೆ 'ಡಿಎಂಎ ಇಫ್ ಅವೈಲಬಲ್' ಮಾಡಿ. ಮೊದಲೇ ಹಾಗಿದ್ದರೆ ಆ ಚಾನಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಹೆದರಬೇಡಿ, ವಿಂಡೋಸ್ ಅದನ್ನು ಮತ್ತೆ ಗುರುತಿಸಿ ಡಿಎಂಎಯಲ್ಲೇ ಕೂರಿಸುತ್ತದೆ. ಕಾಪುವಿನ ಹುಡುಗನಿಗೆ ಇಷ್ಟರಲ್ಲೇ ಕೆಲಸ ಮುಗಿಯಿತು. ಅಂಗಡಿಯೊಂದು ಅವನಿಗೆ ಹೊಸ ರೈಟರ್ ಮಾರಲು ತಯಾರಾಗಿತ್ತು.

ಕೆಲವೇ ದಿನಗಳಲ್ಲಿ ಮತ್ತೆ ಪಿಐಒಗೆ ಇಳಿದರೆ ಕೇಬಲ್ ನೋಡಿ. ಹಳೆಯ 40 ತಂತಿಯ ಪಟ್ಟಿ ತೆಗೆದು 80 ತಂತಿಯದನ್ನು ಹಾಕಿ. ಅದರ ನೀಲಿ ತುದಿ ಮದರ್‌ಬೋರ್ಡ್‌ಗೆ.

ಮಣಿಪಾಲದಿಂದ ಬರುವ ವಿದ್ಯಾರ್ಥಿನಿಯ ಕತೆ ಬೇರೆ. ಅವಳದು ಹೊರಗಿನಿಂದ ಜೋಡಿಸುವ ರೈಟರ್, ಕಂಪ್ಯೂಟರಿನಲ್ಲಿ ಮಾತ್ರ ಯುಎಸ್‌ಬಿ 1.1. ಅದರ ಗರಿಷ್ಠ ಮಿತಿ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಒಂದೂವರೆ ಎಂಬಿ. ಕೈಗೆ ಸಿಗುವುದು ಒಂದು ಎಂಬಿಯ ಆಸುಪಾಸು. ಡಿವಿಡಿಯ 1ಎಕ್ಸ್ ಕೂಡ ಆಗದು. ಯುಎಸ್‌ಬಿ 2.0 ಕಾರ್ಡ್ ಹಾಕಿದ ಮೇಲೆ ಸರಿಹೋಯಿತು. ಕಾರ್ಕಳದ ಇನ್ನೊಬ್ಬನದು ಸಾವಿರಾರು ಸಣ್ಣ ಫೋಟೋಗಳು. ಅವನ್ನು ಒಂದೊಂದಾಗಿ ಹುಡುಕಿ ತೆಗೆಯುವುದೇ ಹಾರ್ಡ್ ಡಿಸ್ಕ್‌ಗೆ ದೊಡ್ಡ ಕೆಲಸ, ಮೇಲಿಂದ ಆಂಟಿವೈರಸ್ ತಪಾಸಣೆ ಬೇರೆ. ಮೊದಲು ಎಲ್ಲವನ್ನೂ ಒಂದೇ ಇಮೇಜ್ ಫೈಲ್ ಮಾಡಿ, ಆಮೇಲೆ ಬರೆಯಲು ಹೇಳಿದೆ.

ಡಿಸ್ಕ್ ಮೇಲೆ 16ಎಕ್ಸ್ ಎಂದು ಅಚ್ಚಾಗಿದ್ದರೂ ನಂಬಬೇಡಿ. ಡಿಸ್ಕ್‌ನೊಳಗಿನ ತಯಾರಕರ ಸಂಕೇತ ಓದಿ ರೈಟರ್ ತಾನೇ ವೇಗ ಆರಿಸುತ್ತದೆ. ಅಪರಿಚಿತ ಡಿಸ್ಕ್ ಆದರೆ 4ಎಕ್ಸ್‌ಗೆ ಇಳಿದೀತು. ಅದು ದೋಷವಲ್ಲ, ಬಿಟ್ಟುಬಿಡಿ.

ಕೊನೆಯಲ್ಲಿ ಬರುವ 'ವೆರಿಫೈ' ಆಯ್ಕೆಯನ್ನು ಸಮಯ ಉಳಿಸಲೆಂದು ತೆಗೆಯಬೇಡಿ. ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ ನಿಜ, ಆದರೆ ಡಿಸ್ಕ್ ಓದುವುದಿಲ್ಲ ಎಂಬುದು ವಿಮಾನ ಹತ್ತುವ ಮೊದಲೇ ಗೊತ್ತಾಗುತ್ತದೆ.